ಜಪಾನಿನ ಸುರಳಿ, ಕೆಂಪು ಟೇಪಿನ ಬೋಗುಣಿ

ಕೊಗನೊಳ್ಳಿ ನಾಕಾ

ಜಪಾನಿಗೆ ಹೋಗಿ ಬಂದವರು ಬುಲೆಟ್ ರೈಲಿನ ಬಗ್ಗೆ ಹೇಳುತ್ತಾರೆ, ಚೆರ್ರಿ ಹೂವಿನ ಬಗ್ಗೆ ಹೇಳುತ್ತಾರೆ. ನಾನು ಆ ರೈಲನ್ನು ದೂರದಿಂದ ನೋಡಿದೆ, ಹೂವು ಅರಳುವ ಮೊದಲೇ ತಿರುಗಿ ಬಂದೆ. ಹೀಗಾಗಿ ನನ್ನ ಹತ್ತಿರ ಹೇಳಲಿಕ್ಕಿರುವುದು ಒಂದು ಅಡುಗೆಯ ಸಂಗತಿ, ಮತ್ತು ಆ ಅಡುಗೆಯಿಂದ ನನಗೂ ನನ್ನ ಗೆಳೆಯ ಜಿನ್ನಪ್ಪನಿಗೂ ಆದ ಫಜೀತಿ. ರೈಲಿನ ಆಸೆ ಇದ್ದವರು ಈಗಲೇ ಇಳಿದುಕೊಳ್ಳಬಹುದು.

ನಾನು ನಿಪ್ಪಾಣಿಯವನು, ಹೆಸರು ಗೌತಮ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಅವ್ವ ಕಣ್ಣು ಮಂಜಾಗುವ ತನಕ ಬೀಡಿ ಸುತ್ತಿದವಳು. ನಾನು ಗಡಿಯ ಕೊಗನೊಳ್ಳಿ ನಾಕಾ ದಾಟಿ ಮಹಾರಾಷ್ಟ್ರದ ಒಂದು ಫೌಂಡ್ರಿಗೆ ಹೋಗುತ್ತೇನೆ. ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಸುರಿಯುವ ಕೆಲಸ. ಜಿನ್ನಪ್ಪನೂ ಅಲ್ಲೇ. ಅವನು ಶಿರಗುಪ್ಪಿಯ ಜೈನರ ಮನೆಯವನು. ಹೊಲದಲ್ಲಿ ಕಬ್ಬು, ಹೊಲದ ಬದಿಗೆ ಸ್ವಂತ ಗಾಣ. ವಾರವಿಡೀ ನಿಪ್ಪಾಣಿಯಲ್ಲಿ ಬಾಡಿಗೆ ಕೋಣೆ ಹಿಡಿದು ಇರುತ್ತಾನೆ, ರಜೆಗೆ ಊರಿಗೆ ಹೋಗುತ್ತಾನೆ. ಅವನ ಬೈಕಿನ ಹಿಂದೆ ಕುಳಿತೇ ನಾನು ದಿನಾಲೂ ನಾಕಾ ದಾಟುವುದು.

ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚಿ ಎದುರುಬದುರು ಕೂಡುತ್ತಿದ್ದೆವು. ನನ್ನದರಲ್ಲಿ ಯಾವಾಗಲೂ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಾವು ಬೌದ್ಧರು, ನಮ್ಮ ಕೇರಿ ಯಾವುದೆಂದು ಅವನಿಗೆ ಮೊದಲ ದಿನವೇ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಏನೇನು ಬೇಯುತ್ತದೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ದನದ ಮಾಂಸಕ್ಕೆ ನಾವು ಮನೆಯಲ್ಲಿ ಕೂಡ ಹೆಸರಿಡುವುದಿಲ್ಲ, ‘ದೊಡ್ಡದು’ ಅನ್ನುತ್ತೇವೆ.

ಸಂಜೆ ನನ್ನನ್ನು ಇಳಿಸಲು ಬಂದಾಗ ಅವ್ವ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು.

“ಜಿನ್ನಪ್ಪಾ, ಒಳಗ ಬಾರೋ. ಚಾ ಕುಡದ ಹೋಗು.”

“ಹೊತ್ತ ಮುಳುಗೇತಿ ಕಾಕೂ. ಇನ್ನ ನೀರ ಸೈತ ಮುಟ್ಟೂದಿಲ್ಲ.”

ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣುವುದಿಲ್ಲ, ಅದು ನಿಜ. ಆದರೆ ಬೇಸಿಗೆಯಲ್ಲಿ ಸೂರ್ಯ ಇನ್ನೂ ತಂಬಾಕಿನ ಗೋಡೌನಿನ ತಗಡಿನ ಮೇಲೆ ಝಗಝಗ ಹೊಳೆಯುತ್ತಿರುವಾಗಲೂ ಅವನು ಅದೇ ಮಾತು ಹೇಳಿ ಬೈಕಿಗೆ ಒದೆಯುತ್ತಿದ್ದ. ಅವ್ವ ಒಮ್ಮೆ ಆಕಾಶ ನೋಡುವಳು, ಒಮ್ಮೆ ನನ್ನ ಮುಖ ನೋಡುವಳು, ಒಳಗೆ ಹೋಗುವಳು. ನನಗೆ ಕೆಡುಕೆನಿಸುತ್ತಿತ್ತು. ಆದರೂ ಮರುದಿನ ಬೆಳಿಗ್ಗೆ ಅವನ ಹಾರ್ನ್ ಕೇಳಿದೊಡನೆ ಓಡುತ್ತಿದ್ದೆ, ಯಾಕೆಂದರೆ ಅವನು ನನ್ನ ಗೆಳೆಯ.

ಐನೂರು, ಸಾವಿರದ ನೋಟು ಬಂದ್ ಆಗುವುದಕ್ಕೆ ಹಿಂದಿನ ಚಳಿಗಾಲ ಕಂಪನಿಯವರು ನಮ್ಮಿಬ್ಬರನ್ನೇ ಆರಿಸಿ ಜಪಾನಿನ ಕವಾಗುಚಿ ಎಂಬ ಊರಿಗೆ ತರಬೇತಿಗೆ ಕಳಿಸಿದರು. ಅದು ಹಳೆಯ ಕಾಲದಿಂದಲೂ ಎರಕದ ಕೆಲಸದ ಊರು. ಅವ್ವ ಹೇಳಿದ್ದು ಇಷ್ಟೇ: “ಅಲ್ಲೆ ಬಾಯಿಗೆ ಛಲೋ ಹತ್ತಿದ್ದು ಏನರೆ ಸಿಕ್ರ ಮಾಡೂದ ಕಲತ ಬಾ. ಬಂದ ನನಗ ಮಾಡಿ ಹಾಕು.”

ಕವಾಗುಚಿ, ಮೊದಲ ಊಟ

ಮುಟ್ಟಿದ ಸಂಜೆಯೇ ಅಲ್ಲಿಯ ಕಾರ್ಖಾನೆಯವರು ನಮ್ಮನ್ನು ಊಟಕ್ಕೆ ಕರೆದೊಯ್ದರು. ಹೊರಗೆ ಕತ್ತಲಾಗಿತ್ತು. ಜಿನ್ನಪ್ಪ ಖಾಲಿ ತಟ್ಟೆಯ ಮುಂದೆ ಕೈಕಟ್ಟಿಕೊಂಡು, ಮದುವೆಯಲ್ಲಿ ಫೋಟೋಕ್ಕೆ ಕೂತ ವರನ ಹಾಗೆ ನಗುತ್ತ ಕುಳಿತ. ಫೋರ್‌ಮನ್‌ಗೆ ಜೀವ ಹೋದಂತಾಯಿತು. ಅತಿಥಿಗೆ ಏನು ತಪ್ಪಾಯಿತೆಂದು ಅವನು ಎದ್ದೆದ್ದು ಬಾಗಿದ. ಏನೂ ಆಗಿಲ್ಲವೆಂದು ಇವನು ಎದ್ದೆದ್ದು ಬಾಗಿದ. ಇಬ್ಬರ ತಲೆ ಢಿಕ್ಕಿ ಹೊಡೆಯುವುದೊಂದು ಬಾಕಿ.

ಭಾರತದವರು ದನ ತಿನ್ನುವುದಿಲ್ಲವೆಂದು ಅವರು ಮೊದಲೇ ತಿಳಿದುಕೊಂಡಿದ್ದರು. ನನ್ನ ಮುಂದೆ ಬೇಯಿಸಿದ ಕೋಸು ಮತ್ತು ತೋಫು ಇಟ್ಟರು. ತೋಫು ಅಂದರೆ ಬೆಲ್ಲ ಹಾಕಲು ಮರೆತ ಗಿಣ್ಣ. ಮೇಜಿನ ಆ ತುದಿಯಲ್ಲಿ ಅವರ ಊಟ ಬಂತು: ಕಾಗದದಷ್ಟು ತೆಳ್ಳಗಿನ ದನದ ಮಾಂಸದಲ್ಲಿ ಹಸಿರು ಉಳ್ಳಾಗಡ್ಡಿಯ ದಂಟು ಸುತ್ತಿ, ಕೆಂಪಗೆ ಹುರಿದು, ಸೋಯಾದ ಸಿಹಿ ರಸದಲ್ಲಿ ಹೊರಳಿಸಿದ ಸುರಳಿಗಳು. ಅಡ್ಡ ಕೊಯ್ದರೆ ನಡುವೆ ಹಸಿರು ಕಣ್ಣು. ಆ ವಾಸನೆ ನನ್ನ ಮೂಗಿಗೆ ಹೊಡೆದದ್ದೇ ಬಾಯಲ್ಲಿ ನೀರು ಬಂತು. ನಮ್ಮ ಎದುರಿಗೆ ಅದನ್ನು ತಿನ್ನಬೇಕಾಯಿತಲ್ಲ ಎಂದು ಫೋರ್‌ಮನ್ ನನ್ನ ಕಡೆ ಕೈ ಜೋಡಿಸಿ ಕ್ಷಮೆ ಬೇರೆ ಕೇಳಿದ! ಅಯ್ಯೋ ಮಾರಾಯಾ, ಇತ್ತ ಸರಿಸೋ, ಎಂದು ನನ್ನ ಹೊಟ್ಟೆ ಕೂಗುತ್ತಿತ್ತು. ಬಾಯಿ ಮಾತ್ರ ಕೋಸು ಅಗಿಯುತ್ತಿತ್ತು.

ಪಕ್ಕದಲ್ಲಿ ಜಿನ್ನಪ್ಪನಿದ್ದನಲ್ಲ. ಆ ಊರಿನಲ್ಲಿ ನನ್ನ ಜೊತೆ ಕನ್ನಡ ಆಡುವವನು ಅವನೊಬ್ಬ. ಒಂದೇ ಕೋಣೆ, ಒಂದೇ ಒಲೆ. ಅವನಿಗೆ ಗೊತ್ತಾಗಿ ಅವನು ಬೇರೆ ಕೋಣೆ ಕೇಳಿಬಿಟ್ಟರೆ? ತಿರುಗಿ ಹೋದ ಮೇಲೆ ಫೌಂಡ್ರಿಯಲ್ಲಿ ಡಬ್ಬಿ ತೆಗೆದುಕೊಂಡು ಬೇರೆ ಮೂಲೆಗೆ ಹೋಗಿ ಕುಳಿತರೆ? ಸುರಳಿಯ ಆಸೆಗೆ ಗೆಳೆಯನನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಎರಡನೆಯ ಸಲವೂ ಕೋಸೇ ಹಾಕಿಸಿಕೊಂಡೆ.

ಬೇಗ ಮುಳುಗುವ ಸೂರ್ಯ

ಅಲ್ಲಿ ಚಳಿಗಾಲದ ಸೂರ್ಯನಿಗೆ ಮನೆಗೆ ಹೋಗುವ ಅವಸರ ಬಹಳ. ನಮ್ಮಲ್ಲಿ ದನ ಹೊಡೆದುಕೊಂಡು ಬರುವ ಹೊತ್ತಿಗೆ ಅವನು ಮುಳುಗಿ ಹಾಸಿಗೆ ಸೇರಿರುತ್ತಾನೆ. ನಮ್ಮ ಪಾಳಿ ಬಿಡುವುದು ಅದರ ನಂತರ. ಮೊದಲ ಎರಡು ದಿನ ಜಿನ್ನಪ್ಪ ಮಧ್ಯಾಹ್ನ ಉಂಡದ್ದೇ ಉಂಡದ್ದು, ಮರುದಿನ ಬೆಳಗಿನವರೆಗೆ ಬಾಯಿಗೆ ಏನೂ ಇಲ್ಲ. ಕುಲುಮೆಯ ಮುಂದೆ ನಿಂತು ಕೆಲಸ ಮಾಡುವವನು ಹೀಗೆ ಉಪವಾಸ ಬಿದ್ದರೆ ಹೇಗೆ?

ನಾನು ಫೋರ್‌ಮನ್ ಹತ್ತಿರ ಹೋಗಿ ಕೈಸನ್ನೆ ಮಾಡಿದೆ. ಸೂರ್ಯನನ್ನು ತೋರಿಸಿದೆ, ಜಿನ್ನಪ್ಪನ ಹೊಟ್ಟೆ ತೋರಿಸಿದೆ, ಕೈ ಕೆಳಗಿಳಿಸಿ ಬಾಯಿಗೆ ಬೀಗ ಹಾಕಿದ ಹಾಗೆ ತಿರುವಿದೆ. ಅವನು ಗಂಭೀರವಾಗಿ ನೋಡಿ, “ಹಾಯ್, ಹಾಯ್” ಎಂದ. ಅಲ್ಲಿ ಅದಕ್ಕೆ ಹೌದು ಎಂದರ್ಥ. ಮರುದಿನದಿಂದ ಕಿಟಕಿಯ ಬಿಸಿಲು ಕೆಂಪಾಗತೊಡಗಿದರೆ ಸಾಕು, ಅವನೇ ಬಂದು ಜಿನ್ನಪ್ಪನ ಭುಜ ತಟ್ಟುತ್ತಿದ್ದ. ಇಡೀ ಶೆಡ್ಡಿನ ಜನ ಕಿಟಕಿ ನೋಡುವುದನ್ನು ಕಲಿತರು. ಮೋಡ ಕವಿದ ದಿನ ಒಬ್ಬ ಮುದುಕ ಹೊರಗೆ ಹೋಗಿ ಆಕಾಶ ನೋಡಿ ಬಂದು, ಇನ್ನೂ ಇದೆ, ತಿನ್ನು ತಿನ್ನು ಎಂದು ಸನ್ನೆ ಮಾಡಿದ. ಜಿನ್ನಪ್ಪ ಊರಿಂದ ತಂದ ಅವಲಕ್ಕಿ ಮುಕ್ಕುತ್ತ, “ನಮ್ಮ ಮನ್ಯಾಗ ಸೈತ ನನ್ನ ಇಷ್ಟ ಕಾಳಜಿ ಮಾಡೂದಿಲ್ಲಲೇ ಗೌತ್ಯಾ” ಎಂದ.

ನನಗೆ ಸಂತೋಷವೂ ಆಯಿತು, ಒಳಗೆ ಸ್ವಲ್ಪ ಉರಿಯಿತು ಕೂಡ. ಅವನ ನೇಮಕ್ಕಾಗಿ ಶೆಡ್ಡಿಗೆ ಶೆಡ್ಡೇ ಸೂರ್ಯನನ್ನು ಕಾಯುತ್ತದೆ, ನನ್ನ ನಾಲಿಗೆಯ ಮಾತು ಮಾತ್ರ ನಾನೇ ನುಂಗಬೇಕು. ಅದೂ ಇಡೀ ಊರು ಅದನ್ನೇ ತಿನ್ನುವ ಊರಲ್ಲಿ!

ಬಾಲ್ಕನಿಯ ಗಳ

ರವಿವಾರ ಜಿನ್ನಪ್ಪ ಬೆಳಿಗ್ಗೆ ಪೂಜೆ ಮುಗಿಸಿ, ಪೂಜೆಗೆ ಉಡುವ ಬಿಳಿ ಪಂಚೆ ಒಗೆದು ಬಾಲ್ಕನಿಯ ಗಳಕ್ಕೆ ಹಾಕಿ, ನದಿಯ ದಂಡೆಗೆ ತಿರುಗಾಡಲು ಹೋಗುತ್ತಿದ್ದ. ಒಂದು ರವಿವಾರ ಅವನು ಅತ್ತ ಹೋದೊಡನೆ ನಾನು ಇತ್ತ ಅಂಗಡಿಗೆ ಹೋದೆ. ಅಲ್ಲಿ ಆ ಮಾಂಸ ತೆಳ್ಳಗೆ ಕೊಯ್ದು ಎಲೆಯ ಮೇಲೆ ಎಲೆ ಇಟ್ಟಂತೆ ಜೋಡಿಸಿಟ್ಟಿದ್ದರು. ತೆಗೆದುಕೊಂಡು ಬಂದೆನೇನೋ ಸರಿ, ಬೇಯಿಸಿದರೆ ಕೋಣೆಯೆಲ್ಲ ವಾಸನೆ ಹಿಡಿಯುತ್ತದೆ. ಏನು ಮಾಡಲಿ?

ಆಗ ಅವ್ವನ ಚಾನ್ಯಾ ನೆನಪಾಯಿತು. ನಮ್ಮ ಮನೆಯಲ್ಲಿ ದೊಡ್ಡದು ಹೆಚ್ಚಾಗಿ ಬಂದಾಗ ಅದನ್ನು ಉದ್ದ ಪಟ್ಟಿಗಳಾಗಿ ಕೊಯ್ದು, ಉಪ್ಪು ಅರಿಷಿಣ ಸವರಿ, ಹಗ್ಗದ ಮೇಲೆ ಒಣಗಿಸಿ ಇಡುತ್ತಾರೆ. ಬೇಕಾದಾಗ ಕೆಂಡದ ಮೇಲೆ ಸುಟ್ಟು ತಿನ್ನುವುದು. ಇಷ್ಟು ತೆಳ್ಳಗಿನ ಮಾಂಸ ಮಧ್ಯಾಹ್ನದೊಳಗೆ ಒಣಗಿಬಿಡುತ್ತದೆ, ಚೀಲದ ತಳಕ್ಕೆ ಸೇರಿಸಿಬಿಟ್ಟರಾಯಿತು ಎಂದು ಲೆಕ್ಕ ಹಾಕಿದೆ. ಊರಿಂದ ತಂದ ಅರಿಷಿಣ ಹಚ್ಚಿ, ಪಟ್ಟಿಗಳನ್ನು ಗಳದ ಮೇಲೆ ಒಂದರ ಪಕ್ಕ ಒಂದು ಇಳಿಬಿಟ್ಟೆ. ಮುಚ್ಚಿಡಬೇಕಾದ್ದನ್ನು ಬಯಲಲ್ಲಿ ತೂಗುಹಾಕಿದ ನನ್ನ ಬುದ್ಧಿಗೆ ಏನನ್ನಬೇಕೋ ತಿಳಿಯದು.

ಆ ದೇಶದ ಕಾಗೆಗಳು ನಮ್ಮ ಕೋಳಿಯಷ್ಟಿವೆ. ಕ್ಷಣ ಹೊತ್ತಿನಲ್ಲಿ ಒಂದು ಹಿಂಡೇ ಬಂತು. ನಾನು ಚಾದರ ಹಿಡಿದು ಬೀಸುತ್ತಿದ್ದೇನೆ, ಕೆಳಗಿನಿಂದ ನಮ್ಮ ವಸತಿಗೃಹ ನೋಡಿಕೊಳ್ಳುವ ಮುದುಕಿ ಫುಮಿಕೊ ಸಾನ್ ಪೊರಕೆ ಹಿಡಿದು ಏನೋ ಕೂಗುತ್ತ ಮೇಲೆ ಬರುತ್ತಿದ್ದಾಳೆ. ಒಂದು ಕಾಗೆ ಕಿತ್ತುಕೊಂಡ ಪಟ್ಟಿ ಅದರ ಕೊಕ್ಕಿನಿಂದ ಜಾರಿ ಬಿದ್ದದ್ದು ಎಲ್ಲಿ? ಜಿನ್ನಪ್ಪನ ಪೂಜೆಯ ಬಿಳಿ ಪಂಚೆಯ ಮೇಲೆ! ಹಳದಿ ಕಲೆ ಹರಡುತ್ತಿರುವಾಗಲೇ ಬಾಗಿಲು ತೆರೆಯಿತು. ಜಿನ್ನಪ್ಪ ಬಂದಿದ್ದ.

ಅವನು ಪಂಚೆ ನೋಡಿದ. ಗಳ ನೋಡಿದ. “ಏನಲೇ ಇದು?” ಎಂದ.

“ಖಂಡ,” ಎಂದೆ. ಇನ್ನೇನು ಮುಚ್ಚುವುದು? “ದೊಡ್ಡದು. ನಾವು ತಿಂತೇವಿ. ಮೊದಲಿಂದೂ ತಿಂತೇವಿ.”

“ಇಷ್ಟ ವರ್ಷ ನನ್ನ ಜೋಡಿ ಕುಂತ ಉಂಡಿ. ಒಂದ ಮಾತ ಹೇಳಬಾರದಾಗಿತ್ತೇನ?”

ಅಷ್ಟು ದಿನದ ಸಿಟ್ಟು ನನಗೆ ಒಮ್ಮೆಲೇ ಬಂತು. “ಹೇಳಿದ್ರ ಜೋಡಿ ಕುಂಡರ್ತಿದ್ದೇನ? ನಮ್ಮವ್ವ ದಿನಾ ಚಾಕ್ಕ ಕರೀತಾಳ. ಬಿಸಲ ನೆತ್ತಿ ಮ್ಯಾಲಿದ್ರೂ ಹೊತ್ತ ಮುಳುಗೇತಿ ಅಂತಿ. ಹೇಳ, ಕುಂಡರ್ತಿದ್ದೇನ?”

ಅವನು ಪಂಚೆಯ ಅಂಚು ಹಿಡಿದು ಕೊಡವಿದ, ಪಟ್ಟಿ ಕೆಳಗೆ ಬಿತ್ತು. ಆಮೇಲೆ, “ಗೊತ್ತಿಲ್ಲೋ ಮಾರಾಯಾ” ಎಂದ. ಪಂಚೆ ಎತ್ತಿಕೊಂಡು ತೊಳೆಯಲು ಹೋದ.

ಫುಮಿಕೊ ಸಾನ್ ಅಡುಗೆಮನೆ

ಫುಮಿಕೊ ಸಾನ್‌ಗೆ (ಸಾನ್ ಅಂದರೆ ನಮ್ಮ ‘ಅವರು’ ಇದ್ದ ಹಾಗೆ) ನಮ್ಮ ಜಗಳ ತಿಳಿಯಲಿಲ್ಲ. ಅವಳಿಗೆ ಕಂಡದ್ದು ಒಂದೇ: ಒಳ್ಳೆಯ ಮಾಂಸವನ್ನು ಈ ಹುಡುಗ ಹಳದಿ ಬಳಿದು ಕಾಗೆಗೆ ಹಾಕುತ್ತಿದ್ದಾನೆ, ಪಾಪ, ಅಡುಗೆ ಬಾರದು. “ದಮೆ, ದಮೆ” ಎಂದು ಗದರಿದಳು. ಬೇಡ, ಬೇಡ ಎಂದು. ನನ್ನ ತೋಳು ಹಿಡಿದು ಕೆಳಗೆ ತನ್ನ ಅಡುಗೆಮನೆಗೆ ಎಳೆದುಕೊಂಡೇ ಹೋದಳು.

ತನ್ನ ಫ್ರಿಜ್ಜಿನಿಂದ ಅಂಥದೇ ಮಾಂಸ ತೆಗೆದು ಹಲಗೆಯ ಮೇಲೆ ಹಾಸಿ, ಹಸಿರು ದಂಟು ಇಟ್ಟು ಒಂದು ಸುತ್ತಿ ತೋರಿಸಿದಳು. ನಂತರ ನನ್ನ ಕಡೆ ಸರಿಸಿದಳು. ನಾನು ಸುತ್ತಿದೆ. ಅವಳ ಕಣ್ಣು ದೊಡ್ಡವಾದವು. ಇನ್ನೊಂದು ಸುತ್ತಿದೆ, ಮತ್ತೊಂದು ಸುತ್ತಿದೆ. ಎಲ್ಲ ಒಂದೇ ದಪ್ಪ, ಒಂದೇ ಬಿಗಿ. ಸಾಲೆಯಿಂದ ಬಂದು ಅವ್ವನ ಮೊರದ ಪಕ್ಕ ಕುಳಿತು ಬೀಡಿ ಸುತ್ತಿದ ಬೆರಳುಗಳಲ್ಲವೇ ಇವು! ಕೈಗೆ ರೂಢಿಯಾದದ್ದು ಎಲ್ಲಿ ಬಿಡುತ್ತದೆ? ಬೀಡಿಯ ಬಾಯಿ ಮಡಚುವಂತೆ ಸುರಳಿಯ ತುದಿಯನ್ನೂ ಉಗುರಿನಿಂದ ಒಳಗೆ ಒತ್ತಿದೆ, ನಡುವಿಗೆ ದಾರ ಬೇಕೆಂದು ಸನ್ನೆ ಮಾಡಿದೆ. ಫುಮಿಕೊ ಸಾನ್ ನಕ್ಕು ನಕ್ಕು ಮೇಜು ಹಿಡಿದುಕೊಂಡಳು, ದಾರ ಮಾತ್ರ ಕೊಟ್ಟಳು.

ಸುರಳಿಯ ಮಡಚಿದ ಅಂಚು ಕೆಳಗೆ ಬರುವಂತೆ ಬಾಣಲೆಯಲ್ಲಿಟ್ಟರೆ ಮೊದಲು ಅದು ಅಂಟಿಕೊಳ್ಳುತ್ತದೆ, ಆಮೇಲೆ ಬಿಚ್ಚುವುದಿಲ್ಲ. ಎಲ್ಲ ಕಡೆ ಕೆಂಪಾದ ಮೇಲೆ ಸೋಯಾ, ಸಕ್ಕರೆ, ಅವರ ಅಕ್ಕಿಯ ಸಿಹಿ ಮದ್ಯ. ರಸ ಕುದ್ದು ಕುದ್ದು ಜಿಗುಟಾಗಿ ಸುರಳಿಗೆ ಮೆತ್ತಿಕೊಳ್ಳುವ ತನಕ ಹೊರಳಿಸುವುದು. ಬಾಯಿಗಿಟ್ಟುಕೊಂಡೆ. ಏನು ಹೇಳಲಿ! ಮುಚ್ಚಿಡದೆ, ಬಾಗಿಲು ತೆರೆದ ಮನೆಯಲ್ಲಿ ಕುಳಿತು ಅದನ್ನು ತಿಂದದ್ದು ಅದೇ ಮೊದಲು. ಹೊಟ್ಟೆ ತುಂಬಿತು. ಮೇಲೆ ಹೋಗುವ ಮೆಟ್ಟಿಲನ್ನು ಮಾತ್ರ ನಿಂತು ನಿಂತು ಹತ್ತಿದೆ.

ಕೋಣೆಯಲ್ಲಿ ಜಿನ್ನಪ್ಪ ಚೀಲ ಕಟ್ಟಿರಲಿಲ್ಲ. ಒಲೆಯ ಮೇಲೆ ಅವನ ಬೋಗುಣಿಯಲ್ಲಿ ಹೆಸರುಬೇಳೆ ಕುದಿಯುತ್ತಿತ್ತು. ಅದರ ಹಿಡಿಕೆಗೆ ಕಾರ್ಖಾನೆಯ ಕೆಂಪು ಟೇಪು ಸುತ್ತಿದ್ದ.

“ಈ ಬೋಗುಣಿ ನಂದು. ಇದರಾಗ ನಿಂದೇನೂ ಬೀಳಬಾರದು, ತಿಳೀತಿಲ್ಲ? ಮತ್ತ ಇನ್ನೊಮ್ಮೆ ನನ್ನ ಪಂಚೆ ಬಾಜೂಕ ಒಣಹಾಕಿದಿ ಅಂದ್ರ ನಿನ್ನನ್ನ ಗಳಕ್ಕ ಹಾಕ್ತೀನಿ.”

“ಆತು,” ಎಂದೆ.

ಕಿಟಕಿಯ ಬಿಸಿಲು ಕೆಂಪಾಗುತ್ತಿತ್ತು. ಅವನು ಎರಡು ತಟ್ಟೆ ತೆಗೆದು ಎರಡಕ್ಕೂ ಅನ್ನ ಹಾಕಿದ. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಆದರೂ ಉಂಡೆ. ಆಮೇಲಿನ ದಿನಗಳು ಸುಖವಾಗಿ ಹೋದವು. ರವಿವಾರ ನಾನು ಕೆಳಗೆ ಸುರಳಿ ಸುತ್ತುವುದು, ಅವನು ಮೇಲೆ ಬೇಳೆ ಕುದಿಸುವುದು. ‘ಕುಂಡರ್ತಿದ್ದೇನ’ ಎಂಬ ಪ್ರಶ್ನೆಯನ್ನು ನಾನು ಮತ್ತೆ ಕೇಳಲಿಲ್ಲ. 

ನಿಪ್ಪಾಣಿ

ಬಂದ ಮೇಲೆ ಅವ್ವನಿಗೆ ಮಾಡಿ ಹಾಕಬೇಕಲ್ಲ. ನಮ್ಮ ದೊಡ್ಡದರ ಅಂಗಡಿಯವನ ಹತ್ತಿರ ಹೋಗಿ ಕಾಗದದಷ್ಟು ತೆಳ್ಳಗೆ ಕೊಯ್ದು ಕೊಡು ಎಂದೆ. “ಕಾಗದ ಬೇಕಿದ್ರ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಪಾ” ಎಂದ. ಬೆರಳು ದಪ್ಪದ್ದನ್ನೇ ತಂದು ರುಬ್ಬುಗುಂಡಿನಿಂದ ಹಗುರಾಗಿ ಬಡಿದು ಅಗಲ ಮಾಡಿದೆವು. ಸೋಯಾ ಸಾಸು ಗೋಬಿ ಮಂಚೂರಿ ಗಾಡಿಯವನು ಕೊಟ್ಟ. ಸಿಹಿ ರಸಕ್ಕೆ ಏನು? ಬೆಲ್ಲವಾಗುವ ಮೊದಲಿನ ಗಟ್ಟಿ ಪಾಕ, ನಮ್ಮ ಕಾಕಂಬಿ ಸರಿಹೋದೀತು ಅನ್ನಿಸಿತ್ತು. ಅದು ಇರುವುದು ಶಿರಗುಪ್ಪಿಯ ಗಾಣದಲ್ಲಿ. ಊರಿಗೆ ಹೋಗಿದ್ದ ಜಿನ್ನಪ್ಪನಿಗೆ ಎರಡು ದಿನ ಮೊದಲೇ ಫೋನ್ ಮಾಡಿದ್ದೆ.

“ಯಾತಕ್ಕ?” ಎಂದ.

“ಆ ಸುರಳಿಗೆ.”

ಗಾಣದ ಆಳಿಗೆ ಒಂದು ಡಬ್ಬ ತೆಗೆದಿಡಲು ಅಲ್ಲಿಂದಲೇ ಕೂಗಿದ. “ರವಿವಾರ ತರ್ತೀನಿ ತಗೋ” ಎಂದ.

ರವಿವಾರ ಅವ್ವ ಹೊರಸಿನ ಮೇಲೆ ಮೊರ ಇಟ್ಟುಕೊಂಡು ಕುಳಿತಳು. ಕಣ್ಣು ಸರಿ ಕಾಣದು, ಆದರೆ ಬೆರಳಿಗೆ ಕಣ್ಣು ಯಾಕೆ ಬೇಕು? ಅವಳು ಸುತ್ತಿದ ಸುರಳಿ ಫುಮಿಕೊ ಸಾನ್ ನೋಡಿದ್ದರೆ ಕುರ್ಚಿ ಬಿಟ್ಟು ಏಳುತ್ತಿದ್ದಳು. “ಇದಕ್ಕ ಜಪಾನಿಗಿ ಹೋಗಬೇಕಾಗಿತ್ತೇನ? ನನ್ನ ಕೇಳಿದ್ರ ನಾನ ಕಲಿಸ್ತಿದ್ದೆ” ಎಂದಳು. ಸುರಳಿ ಬಾಣಲೆಯಲ್ಲಿ ಕೆಂಪಾಗುವಾಗ ಹೊರಗೆ ಹಾರ್ನ್ ಕೇಳಿತು.

ಅವ್ವ ರೂಢಿಯಂತೆ ಬಾಗಿಲಿಗೆ ಹೋಗಿ, “ಜಿನ್ನಪ್ಪಾ, ಒಳಗ ಬಾರೋ” ಎಂದಳು. ಉತ್ತರ ಗೊತ್ತಿದ್ದ ಹಾಗೆ ತಿರುಗಲೂ ತಿರುಗಿದಳು.

ಅವನು ಕೈಯಲ್ಲಿ ಕಾಕಂಬಿಯ ಡಬ್ಬ ಹಿಡಿದು ಆಕಾಶ ನೋಡಿದ. “ಇನ್ನೂ ಹೊತ್ತ ಐತಿ ಕಾಕೂ” ಎಂದ. ಚಪ್ಪಲಿ ಬಿಟ್ಟು ಒಳಗೆ ಬಂದ.

ವಾಸನೆಗೆ ಅವನ ಮುಖ ಕಿವುಚಿತು, ಆ ಬಗ್ಗೆ ಸುಳ್ಳು ಹೇಳಲಾರೆ. “ಹಾಳಾದ್ದು, ಅದ ವಾಸನಿ!” ಎಂದು ಕಿಟಕಿಯ ಹತ್ತಿರ ಚಾಪೆ ಎಳೆದುಕೊಂಡು ಕುಳಿತ. ಆಮೇಲೆ ಚೀಲದಿಂದ ಕೆಂಪು ಟೇಪಿನ ಆ ಬೋಗುಣಿ ತೆಗೆದು ಅವ್ವನ ಮುಂದೆ ಹಿಡಿದ. “ಇದರಾಗ ಏನರೆ ಮಾಡಿ ಹಾಕ ಕಾಕೂ. ಉಳ್ಳಾಗಡ್ಡಿ ಬ್ಯಾಡ, ಬಳ್ಳೊಳ್ಳಿ ಬ್ಯಾಡ. ಹಸಿವ್ಯಾಗೇತಿ.”

ಅವ್ವ ಬೋಗುಣಿಯನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಎರಡೆರಡು ಸಲ ಬೇಳೆ ತೊಳೆದಳು, ಉಪ್ಪಿಟ್ಟಳೋ ಇಲ್ಲವೋ ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದಳು, ಬಿಸಿ ರೊಟ್ಟಿ ಬಡಿದಳು. ನಾನು ಇತ್ತ ಅವನ ಕಾಕಂಬಿ ಸುರಿದು ಸುರಳಿ ಹೊರಳಿಸಿದೆ. ಜಿಗುಟು ಹಿಡಿಯಿತು, ಬಣ್ಣ ಬಂತು, ಜಪಾನಿನದಕ್ಕಿಂತ ಒಂದು ಕೈ ಮೇಲೆಯೇ. ಅವನು ಅತ್ತ ಬೇಳೆ ರೊಟ್ಟಿ, ನಾವು ಇತ್ತ ಸುರಳಿ ರೊಟ್ಟಿ. ಮೂರು ತಟ್ಟೆ, ಒಂದೇ ಚಾಪೆ.

“ಉಪ್ಪ ಸರಿ ಆಗೇತಿ ಕಾಕೂ,” ಎಂದು ಅವನು ಕೇಳದೆಯೇ ಹೇಳಿದ.

ಹೊರಡುವಾಗ ನಾನು ಬೋಗುಣಿ ತೊಳೆದು ಅವನ ಚೀಲಕ್ಕೆ ಹಾಕಲು ಹೋದೆ. “ಅಲ್ಲೇ ಇರ್ಲಿ ಬಿಡೋ,” ಎಂದ. “ಪ್ರತಿ ಸಲ ಹೊತ್ಕೊಂಡ ಬರಾಕ ಆಗತೈತೇನ?”

ಅವ್ವ ಅದನ್ನು ನನ್ನ ಕೈಯಿಂದ ಇಸಿದುಕೊಂಡು ಹಿಡಿಕೆಯ ಕೆಂಪು ಟೇಪನ್ನು ಹೆಬ್ಬೆರಳಿನಿಂದ ಸವರಿದಳು. ಒಮ್ಮೆಲೇ ನಗತೊಡಗಿದಳು.

“ನಾ ಸಣ್ಣಾಕಿ ಇದ್ದಾಗ ಹೊಟೇಲದಾಗ ನಮ್ಮ ಕಪ್ಪು ಬ್ಯಾರೆ ಇಡತಿದ್ರು. ಈಗ ನೋಡ, ನಮ್ಮನ್ಯಾಗ ನಿನ್ನ ಬೋಗುಣಿ ಬ್ಯಾರೆ ಇಡಾಕತ್ತೇನಿ!”

ಜಿನ್ನಪ್ಪನ ಮುಖದ ನಗೆ ಹೋಯಿತು. ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿದ. ಮೆಟ್ಟಿದವನು ತಿರುಗಿ, “ತೊಳದ ಇಡ ಕಾಕೂ, ನಾಳೆ ಬರ್ತೀನಿ” ಎಂದ.

ಅದನ್ನು ಗೋಡೆಗೆ ತೂಗುಹಾಕಲಿಕ್ಕೆ ಒಂದು ಮೊಳೆ ತರಲು ಅವ್ವ ನನಗೆ ಹೇಳಿದಳು.